ಇಲ್ಲದ ಗುಮ್ಮಟದ ಕೆಳಗೆ

ನಾನು ರೋಮಿಗೆ ಹೋದದ್ದು ಮಂಗಳೂರಿನ ಒಂದು ಛಾವಣಿಯ ದೆಸೆಯಿಂದ. ಬಾವುಟಗುಡ್ಡೆಯ ಮೇಲಿನ ಸಂತ ಅಲೋಶಿಯಸ್ ಚಾಪೆಲನ್ನು ಕೇಳುಗರಲ್ಲಿ ಅನೇಕರು ಕಂಡಿರಬಹುದು. ಅದರ ಮಗ್ಗುಲ ಕಾಲೇಜಿನಲ್ಲಿ ಓದುತ್ತಿದ್ದಾಗ, ಬಿಸಿಲು ತಾಳಲಾರದ ಮಧ್ಯಾಹ್ನಗಳಲ್ಲಿ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ. ನಾನು ಕ್ರೈಸ್ತನಲ್ಲ, ತಂಪಿಗಾಗಿ ಹೋದವನು ಚಿತ್ರಗಳಿಗೆ ಸೋತೆ.

ಆ ಚಿತ್ರಗಳನ್ನು ಬರೆದವರು ಅಂತೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಾಮೊ ನಗರದ ಬಳಿಯ ಸ್ಟೆಟ್ಸಾನೊ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿ, ಬೆರ್ಗಾಮೊದ ಕಲಾಶಾಲೆಯಲ್ಲಿ ಕಲಿತು, 1889ರಲ್ಲಿ ಯೇಸುಸಭೆಯನ್ನು ಸೇರಿದರು. ಪಾದ್ರಿಯಾಗಿ ಅಲ್ಲ, ಕೈಕೆಲಸದ ಸೇವೆಗೆ ನಿಲ್ಲುವ ಸಹೋದರನಾಗಿ. 1898ರಲ್ಲಿ ಮಂಗಳೂರಿಗೆ ಬಂದು ಸುಮಾರು ಎರಡು ವರ್ಷ ಗೋಡೆ-ಛಾವಣಿಗಳನ್ನು ತುಂಬಿದರು. ಭಿತ್ತಿಚಿತ್ರವೆಂದರೆ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು; ಗಾರೆ ಒಣಗಿತೆಂದರೆ ತಿದ್ದಲು ಎಡೆಯಿಲ್ಲ. ಛಾವಣಿಗೆ ಅವರು ಬಳಸಿದ್ದು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಅಲ್ಲಿರುವುದು ಅಲೋಶಿಯಸ್ ಗೊಂಝಾಗನ ಜೀವನಕಥೆ. ತವರಿಗೆ ಮರಳುವ ಯೋಗ ಮೊಸ್ಕೇನಿಯವರಿಗೆ ಇರಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಅವರು ಬಂದ ದಾರಿಯನ್ನು ತಿರುಗಿ ನಡೆದು ನೋಡಬೇಕೆಂಬ ನನ್ನ ಆಸೆ ನೆರವೇರಿದ್ದು ಮುಪ್ಪಿನಲ್ಲಿ, ಮಂಗಳೂರಿನ ಕಥೋಲಿಕ ಯಾತ್ರಿಕರ ಒಂದು ತಂಡದ ಜೊತೆಯಲ್ಲಿ. ಅವರು ಯಾತ್ರಿಕರು, ನಾನು ಪ್ರವಾಸಿ. ಈ ಭೇದವನ್ನು ಯಾರೂ ಎತ್ತಿ ಆಡಲಿಲ್ಲ. ನನ್ನ ಮನಸ್ಸಿನಲ್ಲಿ ಮಾತ್ರ ಅದು ಕೊರೆಯುತ್ತಿತ್ತು.

ರೋಮಿನ ಸಂತ ಇಗ್ನೇಷಿಯಸ್ ಇಗರ್ಜಿಗೆ ಗುಮ್ಮಟವಿಲ್ಲ. ಕಟ್ಟಬೇಕೆಂದಿದ್ದ ಗುಮ್ಮಟ ಮೇಲೇಳಲೇ ಇಲ್ಲ. ಆ ಕೊರತೆಯನ್ನು 1685ರಲ್ಲಿ ತುಂಬಿಕೊಟ್ಟವರು ಆಂದ್ರೆಯಾ ಪೊಝ್ಝೊ. ಅವರೂ ಯೇಸುಸಭೆಯ ಸಹೋದರರೇ. ಚಪ್ಪಟೆಯಾದ ಕ್ಯಾನ್ವಾಸಿನ ಮೇಲೆ ಅವರು ಗುಮ್ಮಟವೊಂದನ್ನು ಬರೆದು ಮೇಲಕ್ಕೆ ಹೊಂದಿಸಿದರು. ನೆಲದಲ್ಲಿ ಒಂದು ಗುರುತಿದೆ. ಅದರ ಮೇಲೆ ನಿಂತು ನೋಡಿದರೆ ಆಳವಾದ ಗುಮ್ಮಟ ತಲೆಯ ಮೇಲೆ ತೆರೆದುಕೊಳ್ಳುತ್ತದೆ. ಹತ್ತು ಹೆಜ್ಜೆ ಆಚೆಗೆ ಸರಿದರೆ ಅದೇ ಗುಮ್ಮಟ ವಾಲಿ, ಬರಿಯ ಬಣ್ಣವಾಗಿಬಿಡುತ್ತದೆ. ಜನ ಸರತಿಯಲ್ಲಿ ಬಂದು ನಿಂತು, ಕತ್ತೆತ್ತಿ ಬೆರಗಾಗಿ ಸಾಗುತ್ತಿದ್ದರು. ನಾನೂ ನಿಂತೆ, ಮತ್ತೆ ಮತ್ತೆ ನಿಂತೆ.

ನಮ್ಮ ತಂಡದ ಹಿರಿಯ ಮಹಿಳೆಯೊಬ್ಬರು ಮಾತ್ರ ತಲೆ ಎತ್ತಲಿಲ್ಲ. ನೇರವಾಗಿ ಬಲಗಡೆಯ ಪೀಠದ ಬಳಿಗೆ ನಡೆದು ಮೊಣಕಾಲೂರಿದರು. ನೀಲಶಿಲೆಯ ಕರಂಡಕವೊಂದು ಅಲ್ಲಿದೆ. ಅಲೋಶಿಯಸನ ಅಸ್ಥಿ ಇರುವುದು ಅದರಲ್ಲಿ. ಮಂಗಳೂರಿನ ಛಾವಣಿಯಲ್ಲಿ ನಾನು ಎಷ್ಟೋ ಸಲ ಕಂಡಿದ್ದ ಯುವಕ ಇಲ್ಲಿಯೇ ಇದ್ದಾನೆಂಬುದು ನನಗೆ ಹೊಳೆದದ್ದು ಆಗ.

“ಗುಮ್ಮಟ ನೋಡಲಿಲ್ಲವೆ, ಬಾಯಮ್ಮ?” ಎಂದೆ, ಹೊರಗೆ ಬಂದ ಮೇಲೆ.

“ಚೆಂದ ಉಂಟಂತೆ. ನಾನು ಬಂದದ್ದು ಇವರನ್ನು ಕಾಣಲಿಕ್ಕೆ,” ಎಂದರು. ಸ್ವಲ್ಪ ತಡೆದು ಹೇಳಿದರು: “2021ರಲ್ಲಿ ನಮ್ಮ ಯಜಮಾನರಿಗೆ ಕೊರೋನಾ. ಮುಟ್ಟುವವರಿಲ್ಲ. ಯಾರೋ ಇಬ್ಬರು ಹುಡುಗರು ಬಂದು ಮಹಡಿಯಿಂದ ಹೊತ್ತು ಇಳಿಸಿದರು. ಮೋರೆಗೆ ಬಟ್ಟೆ ಕಟ್ಟಿಕೊಂಡಿದ್ದರು. ಹೆಸರು ಕೇಳಲಿಕ್ಕೂ ಆಗಲಿಲ್ಲ. ಇವರು ಉಳಿಯಲಿಲ್ಲ. ಆದರೆ ಹೊತ್ತವರು ಹೊತ್ತರಲ್ಲ? ಅವರಿಗೆ ಹೇಳಬೇಕಾದ್ದನ್ನು ಇಲ್ಲಿ ಹೇಳಿ ಬಂದೆ.”

ಅಲೋಶಿಯಸ್ ಒಬ್ಬ ಮಾರ್ಕ್ವಿಸನ ಹಿರಿಯ ಮಗ, ಕಾಸ್ಟಿಲ್ಯೋನೆ ಸಂಸ್ಥಾನದ ಉತ್ತರಾಧಿಕಾರಿ. 1585ರಲ್ಲಿ ಆ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಗೆ ಬಂದ. 1591ರಲ್ಲಿ ರೋಮಿಗೆ ಸಾಂಕ್ರಾಮಿಕ ರೋಗ ಬಡಿದಾಗ, ಬೀದಿಯಲ್ಲಿ ಬಿದ್ದಿದ್ದ ರೋಗಿಯನ್ನು ತನ್ನ ಮೈಮೇಲೆ ಹೊತ್ತು ಆಸ್ಪತ್ರೆಗೆ ಒಯ್ದನೆಂದು ಹೇಳುತ್ತಾರೆ. ರೋಗಿಗಳ ಸೇವೆಯಲ್ಲಿ ಜಾಡ್ಯ ತಗಲಿ, ಆ ವರ್ಷದ ಜೂನ್ 21ರಂದು ತೀರಿಕೊಂಡ. ಆಗ ಅವನಿಗೆ 23 ವರ್ಷ.

ಈ ಕಥೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಮಂಗಳೂರಿನ ಛಾವಣಿಯಲ್ಲಿ ಅವನು ರೋಗಿಗಳ ಸೇವೆ ಮಾಡುವ ಚಿತ್ರವೂ ಇದೆ. ನಾನು ಅದರಲ್ಲಿ ಬಣ್ಣವನ್ನು ಕಂಡಿದ್ದೆ, ರೇಖೆಯನ್ನು ಮೆಚ್ಚಿದ್ದೆ. ಆ ರೋಗಿಗಳು ಯಾರಾಗಿರಬಹುದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪೊಝ್ಝೊ ತಮ್ಮ ಗುಮ್ಮಟವನ್ನು ನೋಡುವವನು ಎಲ್ಲಿ ನಿಲ್ಲಬೇಕೆಂಬುದಕ್ಕೆ ನೆಲದಲ್ಲಿ ಗುರುತು ಉಂಟು. ಮೊಸ್ಕೇನಿಯವರ ಚಿತ್ರವನ್ನು ಎಲ್ಲಿ ನಿಂತು ನೋಡಬೇಕೆಂಬುದನ್ನು ಆ ತಾಯಿಯ ಬಾಯಿಂದ ಕೇಳಲು ನಾನು ಇಷ್ಟು ದೂರ ಹೋಗಬೇಕಾಯಿತು.

ಊರಿಗೆ ಮರಳಿದ ವಾರವೇ ಗುಡ್ಡೆ ಹತ್ತಿದೆ. ಯಾತ್ರಿಕನಾದೆನೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಆ ಚಿತ್ರದ ಕೆಳಗೆ ನಿಂತಾಗ, ಅಂದು ಮೊದಲ ಬಾರಿಗೆ, ನಾನು ರೋಗಿಗಳ ಮುಖವನ್ನು ನೋಡಿದೆ.