ಮುಂದಿನ ವರ್ಷದ ಆಸೆ

ಕಾಲ್ಚೆಂಡಿನ ಆಟವನ್ನು ಆಡುವವರು ಇಪ್ಪತ್ತೆರಡು ಮಂದಿ. ನೋಡಿ ನರಳುವವರು ಸಾವಿರಾರು ಮಂದಿ. ವೃತ್ತಿಯ ಆಟಗಾರನಿಗೆ ಸಂಬಳವುಂಟು, ಕೀರ್ತಿಯುಂಟು. ಒಂದು ಕ್ಲಬ್ಬು ಒಗ್ಗದಿದ್ದರೆ ಮತ್ತೊಂದನ್ನು ಸೇರುವ ದಾರಿಯೂ ಉಂಟು. ಅಭಿಮಾನಿಗೆ ಇವೊಂದೂ ಇಲ್ಲ. ತಂದೆ ಹಿಡಿದ ಪಕ್ಷವನ್ನೇ ತಾನೂ ಹಿಡಿದು, ಕೈಯಿಂದ ಹಣ ತೆತ್ತು, ಮಳೆಯಲ್ಲಿ ನಿಂತು, ಸೋಲನ್ನು ಕಂಡು ಮನೆಗೆ ಮರಳುತ್ತಾನೆ. ಮುಂದಿನ ಶನಿವಾರ ಪುನಃ ಹೊರಡುತ್ತಾನೆ. ಅವನನ್ನು ಹೀಗೆ ಎಳೆದೊಯ್ಯುವ ಶಕ್ತಿ ಯಾವುದು ಎಂಬುದು ವಿಚಾರ ಮಾಡತಕ್ಕ ವಿಷಯ.

ಗೆಲುವಿನ ಆಸೆಯೆಂದು ಹೇಳಿಬಿಡುವುದು ಸುಲಭ. ಆದರೆ ಲೆಕ್ಕ ಹಾಕಿದರೆ ಈ ಉತ್ತರ ನಿಲ್ಲುವುದಿಲ್ಲ. ಇಂಗ್ಲೆಂಡಿನ ಮೇಲಿನ ನಾಲ್ಕು ದರ್ಜೆಗಳಲ್ಲಿ ಒಟ್ಟು 92 ಕ್ಲಬ್ಬುಗಳಿವೆ. ಅಗ್ರದರ್ಜೆಯ ಪ್ರಶಸ್ತಿ ದೊರೆಯುವುದು ವರ್ಷಕ್ಕೆ ಒಂದಕ್ಕೆ ಮಾತ್ರ. ಉಳಿದ 91ರ ಅಭಿಮಾನಿಗಳು “ಮುಂದಿನ ವರ್ಷ ನೋಡೋಣ” ಎಂಬ ಒಂದು ಮಾತನ್ನು ನೆಚ್ಚಿಕೊಂಡು ಬದುಕುತ್ತಾರೆ. ಮುಂದಿನ ವರ್ಷವೆಂಬುದು ಇದ್ದೇ ಇರುತ್ತದೆಂಬ ನಂಬಿಕೆ ಈ ಮಾತಿನಲ್ಲಿ ಅಡಗಿದೆ. ಆ ನಂಬಿಕೆಯೇ ಕುಸಿದರೆ ಗತಿಯೇನು? ವಿಂಬಲ್ಡನ್ ಕ್ಲಬ್ಬಿನ ಚರಿತ್ರೆ ಇದಕ್ಕೆ ತಕ್ಕ ನಿದರ್ಶನ.

ವಿಂಬಲ್ಡನ್ ಎಂದೊಡನೆ ನಮಗೆ ಟೆನ್ನಿಸ್ ಆಟ ನೆನಪಾಗುತ್ತದೆ. ಲಂಡನ್ನಿನ ಆ ಭಾಗದಲ್ಲಿಯೇ 1889ರಲ್ಲಿ ಕಾಲ್ಚೆಂಡಿನ ಕ್ಲಬ್ಬೊಂದೂ ಹುಟ್ಟಿತು. ಅದು 1977ರಲ್ಲಿ ರಾಷ್ಟ್ರೀಯ ಲೀಗನ್ನು ಸೇರಿ, ಒಂಬತ್ತೇ ವರ್ಷಗಳಲ್ಲಿ ಅಗ್ರದರ್ಜೆಗೆ ಏರಿತು. 1988ರ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಬಲಾಢ್ಯವಾದ ಲಿವರ್‌ಪೂಲ್ ತಂಡವನ್ನು ಒಂದೇ ಗೋಲಿನಿಂದ ಸೋಲಿಸಿತು. ಆದರೆ 1991ರಲ್ಲಿ ಪ್ಲೌ ಲೇನ್ ಎಂಬ ತನ್ನ ಹಳೆಯ ಮೈದಾನವನ್ನು ಬಿಟ್ಟು, ಮತ್ತೊಂದು ಕ್ಲಬ್ಬಿನ ಮೈದಾನದಲ್ಲಿ ಬಿಡಾರ ಹೂಡಬೇಕಾಯಿತು. 2000ದಲ್ಲಿ ಅಗ್ರದರ್ಜೆಯಿಂದಲೂ ಇಳಿಯಿತು. ಬಳಿಕ ಅದರ ಒಡೆಯರು ಕ್ಲಬ್ಬನ್ನೇ ದೂರದ ಮಿಲ್ಟನ್ ಕೀನ್ಸ್ ಪಟ್ಟಣಕ್ಕೆ ಸಾಗಿಸಲು ಬಯಸಿದರು. 2002ರ ಮೇ 28ರಂದು ಮೂವರು ಸದಸ್ಯರ ಆಯೋಗವು ಬಹುಮತದಿಂದ ಇದಕ್ಕೆ ಒಪ್ಪಿಗೆಯಿತ್ತಿತು. ವಿಂಬಲ್ಡನ್ನಿನಲ್ಲಿ ಹೊಸದಾಗಿ ಕ್ಲಬ್ಬು ಕಟ್ಟುವುದು ಆಟದ ವಿಶಾಲಹಿತಕ್ಕೆ ಒದಗುವ ಕೆಲಸವಲ್ಲವೆಂಬ ಅಭಿಪ್ರಾಯವೂ ಅದರ ವರದಿಯಲ್ಲಿತ್ತು.

ಸೋತ ತಂಡದ ಅಭಿಮಾನಿಗೆ ಸಮಾಧಾನ ಹೇಳಬಹುದು. ತಂಡವೇ ಊರು ಬಿಟ್ಟವನಿಗೆ ಏನು ಹೇಳುವುದು? ಅಲ್ಲಿಯವರೆಗೆ ಅವರ ಆಸೆಯು ಪರರ ಜಮೀನಿನಲ್ಲಿ ನೆಟ್ಟ ಗಿಡದಂತಿತ್ತು. ಒಡೆಯನು ಕಿತ್ತೊಯ್ದಾಗಲೇ ನೆಲ ತಮ್ಮದಲ್ಲವೆಂಬುದು ಅರಿವಾದದ್ದು. ಆದರೂ ಅವರು ಸುಮ್ಮನೆ ಕೂರಲಿಲ್ಲ. ಕೆಲವೇ ವಾರಗಳಲ್ಲಿ ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ಕ್ಲಬ್ಬನ್ನು ಸ್ಥಾಪಿಸಿ, ಅದರ ಒಡೆತನವನ್ನು ಅಭಿಮಾನಿಗಳ ಸಂಘಕ್ಕೆ ವಹಿಸಿದರು. ಆಡಬಯಸುವವರನ್ನು ಊರಿನ ಬಯಲಿಗೆ ಕರೆದರು. ಇನ್ನೂರಕ್ಕೂ ಹೆಚ್ಚು ಮಂದಿ ಬಂದರು. ಮೊದಲನೆಯ ಸ್ನೇಹಪಂದ್ಯದಲ್ಲಿ ಈ ತಂಡ ನಾಲ್ಕು ಗೋಲುಗಳಿಂದ ಸೋತಿತು. ಆ ಸೋಲನ್ನು ನೋಡಲು ನೆರೆದಿದ್ದವರು ನಾಲ್ಕು ಸಾವಿರಕ್ಕೂ ಹೆಚ್ಚು ಜನ!

ಕೆಳಗಿನ ಪ್ರಾಂತೀಯ ಲೀಗಿನಿಂದ ಏರುತ್ತ, 2003ರಿಂದ 2004ರವರೆಗೆ 78 ಲೀಗ್ ಪಂದ್ಯಗಳಲ್ಲಿ ಸೋಲನ್ನೇ ಕಾಣದೆ, ಈ ಕ್ಲಬ್ಬು 2011ರಲ್ಲಿ ರಾಷ್ಟ್ರೀಯ ಲೀಗನ್ನು ಪ್ರವೇಶಿಸಿತು. ಅನಂತರ ಹಳೆಯ ಮೈದಾನದ ಸಮೀಪದಲ್ಲಿಯೇ ಹೊಸ ಕ್ರೀಡಾಂಗಣವನ್ನು ಕಟ್ಟತೊಡಗಿತು. ಹಣ ಸಾಲದೆ ಹೋದಾಗ ಹೊರಗಿನ ಧನಿಕರಿಗೆ ಕ್ಲಬ್ಬನ್ನು ಒಪ್ಪಿಸದೆ, ಸಾಲಪತ್ರಗಳ ಮೂಲಕ 50 ಲಕ್ಷ ಪೌಂಡುಗಳಿಗಿಂತ ಹೆಚ್ಚು ಹಣವನ್ನು ಕೂಡಿಸಿದರು. 2020ರ ನವೆಂಬರಿನಲ್ಲಿ ಅಲ್ಲಿ ಮೊದಲ ಪಂದ್ಯ ನಡೆಯಿತು. ಆದರೆ ಕೋವಿಡ್ ಸಾಂಕ್ರಾಮಿಕದ ಕಟ್ಟುಪಾಡಿನಿಂದ, ಹದಿನೆಂಟು ವರ್ಷ ದುಡಿದ ಜನ ಒಳಗೆ ಕುಳಿತು ನೋಡುವಂತಿರಲಿಲ್ಲ. ಮನೆ ಕಟ್ಟಿದವನು ಗೃಹಪ್ರವೇಶದ ದಿನ ಬೀದಿಯಲ್ಲಿ ನಿಂತ ಹಾಗಾಯಿತು. ಅದನ್ನೂ ಅವರು ಸಹಿಸಿದರು.

ಇಂಥ ಆಸೆಯು ಬರಿಯ ಭ್ರಾಂತಿಯಲ್ಲವೆ, ವ್ಯಾಪಾರಿಗಳ ಕೈಗೆ ಸಿಕ್ಕ ಸರಕಲ್ಲವೆ ಎಂದು ವಿಚಾರಶೀಲರು ಕೇಳಬಹುದು. ಆಕ್ಷೇಪಣೆಯಲ್ಲಿ ಸತ್ಯವಿದೆ. ಅಭಿಮಾನಿ ಹೇಗೂ ಬಿಟ್ಟುಹೋಗನೆಂದು ತಿಳಿದೇ ಎಷ್ಟೋ ಒಡೆಯರು ಟಿಕೀಟಿನ ಬೆಲೆಯನ್ನು ಏರಿಸುತ್ತಾರೆ. ಬಣ್ಣದ ಮಾತುಗಳಿಂದ ಕಾಲ ತಳ್ಳುತ್ತಾರೆ. ಆದರೆ ಎರಡು ಬಗೆಯ ಆಸೆಗಳನ್ನು ಬೇರ್ಪಡಿಸಲು ಒಂದು ಒರೆಗಲ್ಲುಂಟು. ಒಂದು, ಯಾರೋ ಸಿರಿವಂತನು ಬಂದು ಉದ್ಧರಿಸುವನೆಂದು ಕಾಯಿಸುತ್ತದೆ. ಮತ್ತೊಂದು, ಲೆಕ್ಕ ಬರೆ, ಚಂದಾ ಎತ್ತು, ಬೇಲಿಗೆ ಬಣ್ಣ ಬಳಿ ಎಂದು ಕೆಲಸ ಹೇಳುತ್ತದೆ. ಮೊದಲನೆಯದು ಮನುಷ್ಯನನ್ನು ಮೆತ್ತಗೆ ಮಾಡುತ್ತದೆ. ಎರಡನೆಯದು ಅವನನ್ನು ನೆರೆಯವನೊಡನೆ ಸೇರಿಸುತ್ತದೆ.

ಈ ಕ್ಲಬ್ಬು 2022ರಲ್ಲಿ ನಾಲ್ಕನೆಯ ದರ್ಜೆಗೆ ಇಳಿಯಿತು. 2025ರಲ್ಲಿ ವೆಂಬ್ಲಿಯ ಪಂದ್ಯವನ್ನು ಗೆದ್ದು ಮೂರನೆಯದಕ್ಕೆ ಮರಳಿತು. ಅಗ್ರದರ್ಜೆ ಇನ್ನೂ ದೂರವಿದೆ. ಎಂದಾದರೂ ಕೈಗೆಟಕೀತೇ ಎಂಬುದು ಯಾರಿಗೂ ಗೊತ್ತಿಲ್ಲ. ಆದರೆ 2002ರ ಪೆಟ್ಟಿಗೂ 2022ರ ಇಳಿತಕ್ಕೂ ಬಹಳ ಅಂತರವುಂಟು. ಮೊದಲನೆಯ ಸಲ ಅವರ ಮುಂದಿನ ವರ್ಷವನ್ನು ಪರರು ಕಸಿದುಕೊಂಡರು. ಎರಡನೆಯ ಸಲ ತಂಡ ಸೋತಿತು, ಅಷ್ಟೆ. ಮುಂದಿನ ವರ್ಷ ಅವರದಾಗಿಯೇ ಉಳಿದಿತ್ತು.