ದನಿ ಒಡೆಯುವ ವಯಸ್ಸು



ಒಂಬತ್ತನೆಯ ತರಗತಿಯ ಪ್ರಾರ್ಥನೆಯ ಸಾಲನ್ನೊಮ್ಮೆ ನೋಡಿ. ಒಬ್ಬನಿಗೆ ಆಗಲೇ ಮೀಸೆ ಚಿಗುರಿದೆ. ಪಕ್ಕದವನದು ಇನ್ನೂ ಎಳೆಯ ದನಿ. ಇಬ್ಬರಿಗೂ ಒಳಗೊಳಗೇ ಅಂಜಿಕೆ. ಇಬ್ಬರೂ ಸರಿಯಾಗಿಯೇ ಇದ್ದಾರೆ. ಗಂಡುಮಕ್ಕಳಲ್ಲಿ ಈ ಬದಲಾವಣೆ 9ರಿಂದ 14 ವರ್ಷದೊಳಗೆ ಯಾವಾಗ ಬೇಕಾದರೂ ತೊಡಗಬಹುದು. ಕಂಪ್ಲಿಯ ಗದ್ದೆಗಳಲ್ಲೂ ಭತ್ತವೆಲ್ಲ ಒಂದೇ ದಿನ ತೆನೆ ಬಿಡುವುದಿಲ್ಲವಷ್ಟೆ.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ವೃಷಣಗಳಿಗೆ ಸಂದೇಶ ಹೋಗುತ್ತದೆ. ಅವು ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸತೊಡಗುತ್ತವೆ. ಧ್ವನಿತಂತುಗಳು ಉದ್ದವೂ ದಪ್ಪವೂ ಆಗಿ ದನಿ ಒಡೆಯುತ್ತದೆ. ಮೊಡವೆ, ಬೆವರಿನ ವಾಸನೆ ಎಲ್ಲವೂ ಇದರ ಬೆನ್ನಿಗೇ.

ಹಂಪಿಯ ಹೊಳೆಯಲ್ಲಿ ಗೆಳೆಯರೆಲ್ಲ ಈಜುವಾಗ ಅಂಗಿ ಬಿಚ್ಚಲು ಒಲ್ಲದ ಹುಡುಗನೊಬ್ಬ ಇದ್ದೇ ಇರುತ್ತಾನೆ. ಎದೆ ತುಸು ಉಬ್ಬಿದೆ, ಮುಟ್ಟಿದರೆ ನೋವು. ಸುಮಾರು ಅರ್ಧದಷ್ಟು ಹುಡುಗರಲ್ಲಿ ಹೀಗಾಗುತ್ತದೆ. ಸಾಮಾನ್ಯವಾಗಿ ಎರಡು ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ.

ಇನ್ನು ನಿದ್ದೆಯಲ್ಲಿ ವೀರ್ಯ ಹೋಗುವ ಮಾತು. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಎಂದು ಯಾರೋ ಹೇಳಿರುತ್ತಾರೆ. ರಕ್ತಕಣ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ವೀರ್ಯದ್ರವ ಬಹುಪಾಲು ಬರುವುದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ. ಹೋದದ್ದು ಮತ್ತೆ ತಯಾರಾಗುತ್ತದೆ. ಹಸ್ತಮೈಥುನದಿಂದಲೂ ನಿಶ್ಶಕ್ತಿ ಬರುವುದಿಲ್ಲ. ಗರಡಿಯ ಉಸ್ತಾದರು ಬೇರೆ ಹೇಳಿದ್ದರೆ, ಅವರಿಂದ ಪಟ್ಟು ಕಲಿಯಿರಿ, ಈ ಪಾಠ ಬೇಡ. ಕಾಡುವುದು ವೀರ್ಯನಷ್ಟವಲ್ಲ, ಅದರ ಭಯ. 1960ರಲ್ಲಿ ಮನೋವೈದ್ಯ ಡಾ. ಎನ್. ಎನ್. ವಿಗ್ ಈ ಭಯದ ಬೇನೆಗೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಗೋಡೆಗಳ ಮೇಲಿನ ‘ಗುಪ್ತರೋಗ’ ಜಾಹೀರಾತುಗಳ ಬಂಡವಾಳವೂ ಇದೇ ಭಯ. ಆ ಹಣಕ್ಕೆ ಮೊಟ್ಟೆ, ಶೇಂಗಾ ತಿನ್ನಿ.

ಕೇಳುವುದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ‘ಸ್ನೇಹ ಕ್ಲಿನಿಕ್’ ಎಲ್ಲಿ ಎಂದು ವಿಚಾರಿಸಿ. 10ರಿಂದ 19 ವರ್ಷದವರಿಗೆಂದೇ ಅದು ಇರುವುದು. ಮನಸ್ಸು ಕುಗ್ಗಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸೇವೆ. 14 ತುಂಬಿದರೂ ಯಾವ ಬದಲಾವಣೆಯೂ ಕಾಣದಿದ್ದರೆ ವೈದ್ಯರಿಗೆ ತೋರಿಸಿ, ಅದಕ್ಕೆ ಅವಸರವೇನಿಲ್ಲ.

ಅವಸರ ಬೇಕಾದದ್ದು ಒಂದಿದೆ. ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು, ಜೊತೆಗೆ ವಾಂತಿ ಬಂದರೆ, ಒಳಗೆ ನಾಳ ತಿರುಚಿಕೊಂಡು ರಕ್ತ ನಿಂತಿರಬಹುದು. ಸುಮಾರು ಆರು ತಾಸಿನೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಉಳಿಯುವ ಸಂಭವ ಹೆಚ್ಚು; ನಾಚಿಕೊಂಡು ಬೆಳಗಿನ ತನಕ ಕಾದರೆ ಕಳೆದುಹೋಗಬಹುದು. ಸಂಡೂರಿನ ಗುಡ್ಡದ ಹಳ್ಳಿಯಿಂದ ದೊಡ್ಡ ಆಸ್ಪತ್ರೆ ದೂರ. ರಾತ್ರಿ ಎರಡು ಗಂಟೆಯಾಗಿದ್ದರೂ ಅಪ್ಪನನ್ನು ಎಬ್ಬಿಸಿ, ಎಲ್ಲಿ ನೋವೆಂದು ಬಾಯಿಬಿಟ್ಟು ಹೇಳಿ, 108ಕ್ಕೆ ಫೋನ್ ಮಾಡಿಸಿ.