ಮೊದಲ ಪ್ರಶ್ನೆ ನಿಮ್ಮದಾಗಲಿ



ಹೋದ ವರ್ಷ ಶ್ರಾವಣದಲ್ಲಿ ನನಗೊಂದು ಫೋನ್ ಬಂತು. ಹುಡುಗನ ದನಿ. ಹಿಂದೆ ಬಸ್ ನಿಲ್ದಾಣದ ಗದ್ದಲ. ರೋಣ, ಗಜೇಂದ್ರಗಡ ಅಂತ ಯಾರೋ ಕೂಗುವುದು ಕೇಳುತ್ತಿತ್ತು. ತನ್ನ ಹೆಸರು ಹೇಳಲಿಲ್ಲ. "ಮೇಡಮ್ಮಾರ, ಒಂದು ಮಾತು ಕೇಳೂದಿತ್ರಿ. ಗಂಡಸು ಗಂಡಸನ್ನ ಪ್ರೀತಿ ಮಾಡಿದ್ರ ನೀವು ಅದನ್ನ ಜಡ್ಡು ಅಂತೀರೇನ್ರಿ?" ಅಂದ. ಇಲ್ಲಪ್ಪಾ, ಜಡ್ಡಲ್ಲ ಅಂದೆ. "ಮನ್ಯಾಗ ಹೇಳ್ತೀರೇನ್ರಿ?" ನೀನು ಹೇಳು ಅನ್ನದ ಹೊರತು ಹೇಳುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಬಸ್ಸಿನ ಸದ್ದಷ್ಟೇ. "ಹಂಗಾದ್ರ ಶನಿವಾರ ಬರ್ತೀನ್ರಿ" ಅಂತ ಫೋನ್ ಇಟ್ಟ.

ಧಾರವಾಡದಲ್ಲಿ ಇಪ್ಪತ್ತೆರಡು ವರ್ಷದಿಂದ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಬಂದವರನ್ನು ಪ್ರಶ್ನೆ ಕೇಳುವುದು ನನ್ನ ಕೆಲಸ. ಹೊಸ್ತಿಲು ದಾಟುವ ಮೊದಲೇ ನನ್ನನ್ನು ಪರೀಕ್ಷೆ ಮಾಡಿದವರು ತೀರಾ ಕಡಿಮೆ. ಆ ಹುಡುಗ ಮಾಡಿದ್ದು ಸರಿ, ಸಹಾಯ ಹುಡುಕುವ ಎಲ್ಲರೂ ಹಾಗೇ ಮಾಡಬೇಕು. ಇವತ್ತು ನಾನು ಹೇಳಲು ಬಂದಿರುವುದು ಅದನ್ನೇ. ಅವನ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತಿದ್ದೇನೆ.

ಆ ಎರಡು ಪ್ರಶ್ನೆ ಅವನಿಗೆ ಸುಮ್ಮನೆ ಹೊಳೆದದ್ದಲ್ಲ. ಅದಕ್ಕೂ ಮೊದಲು ಎರಡು ಕಡೆ ಹೋಗಿ ಬಂದಿದ್ದ. ಮೊದಲನೆಯವರು ನಿದ್ದೆಯ ಮಾತ್ರೆ ಬರೆದುಕೊಟ್ಟು, ಅಪ್ಪನನ್ನು ಒಳಗೆ ಕರೆದು ಎಲ್ಲವನ್ನೂ ಹೇಳಿ, ಬೇಗ ಲಗ್ನ ಮಾಡಿ ಅಂದಿದ್ದರು. ಎರಡನೆಯವರು ಒಳ್ಳೆಯವರೇ. ಆದರೆ ಮೂರು ಸಲ ಹೋದಾಗಲೂ "ಸಣ್ಣವನಿದ್ದಾಗ ಯಾರಾದರೂ ಏನಾದರೂ ಮಾಡಿದ್ದರೇನಪ್ಪಾ" ಎಂದು ಕಾರಣ ಹುಡುಕಿದರು. ಅವನು ಹೋಗಿದ್ದು ಕಾರಣ ಕೇಳುವುದಕ್ಕಲ್ಲ. ತಂಗಿಯ ಮದುವೆ ಗೊತ್ತಾಗಿತ್ತು. ಮುಂದಿನ ಸರದಿ ತನ್ನದು ಎಂಬ ಭಯಕ್ಕೆ ರಾತ್ರಿ ನಿದ್ದೆ ಇರಲಿಲ್ಲ, ಹಗಲು ಅಂಗಡಿಯ ಲೆಕ್ಕ ತಪ್ಪುತ್ತಿತ್ತು. ಅದನ್ನು ಇಬ್ಬರೂ ಕೇಳಲೇ ಇಲ್ಲ.

ಅವರಿಬ್ಬರನ್ನು ದೂರುವ ಮೊದಲು ನನ್ನ ತಪ್ಪನ್ನೂ ಹೇಳಬೇಕು. ಕೆಲಸ ಶುರುಮಾಡಿದ ಎರಡನೆಯ ವರ್ಷ ಹಾಸ್ಟೆಲಿನ ಹುಡುಗಿಯೊಬ್ಬಳು ಬಂದಿದ್ದಳು. ಗೆಳತಿಯ ಮೇಲಿನ ಪ್ರೀತಿಯನ್ನು ಹೇಳಿಕೊಳ್ಳಲು ಮುಕ್ಕಾಲು ತಾಸು ಬೇಕಾಯಿತು. ಅಷ್ಟೂ ಹೊತ್ತು ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿ ಬಿಚ್ಚುವಳು, ಮತ್ತೆ ಹಾಕುವಳು. ಒಂದು ಗುಟುಕೂ ಕುಡಿಯಲಿಲ್ಲ. "ಈ ವಯಸ್ಸಿನಲ್ಲಿ ಹೀಗೆಲ್ಲ ಆಗುತ್ತದಮ್ಮಾ, ಓದು ಮುಗಿಯಲಿ, ತಾನೇ ಸರಿಹೋಗುತ್ತದೆ" ಅಂದೆ. ಬಹಳ ಮೆತ್ತಗೇ ಅಂದೆ. ಮುಚ್ಚಳ ಬಿಗಿದು, "ಥ್ಯಾಂಕ್ಸ್ ಮೇಡಂ" ಅಂತ ಎದ್ದಳು. ಮತ್ತೆ ಬರಲಿಲ್ಲ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರ ಮೇ 17ರಂದು. ಪರೀಕ್ಷೆಗೆಂದು ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ. ಆದರೂ "ಸರಿಹೋಗುತ್ತದೆ" ಎಂಬ ಮಾತು ಬಾಯಿಂದ ಬಂತು. ಸರಿಹೋಗುವುದಕ್ಕೆ ಆ ಹುಡುಗಿಯಲ್ಲಿ ಕೆಟ್ಟಿದ್ದಾದರೂ ಏನು? ಆ ಭಾರ ಇನ್ನೂ ನನ್ನ ಮೇಲಿದೆ.

ಆದ್ದರಿಂದ ಪದವಿ, ಬಾಗಿಲ ಮೇಲಿನ ಬೋರ್ಡು, ಮೆತ್ತನೆಯ ದನಿ ಇಷ್ಟನ್ನೇ ನೋಡಿ ನಂಬಬೇಡಿ. ಈಗ ಅಫರ್ಮೇಟಿವ್ ಥೆರಪಿ ಎಂಬ ಮಾತು ಚಾಲ್ತಿಯಲ್ಲಿದೆ. ನೀನು ಇರುವ ಹಾಗೇ ಸರಿಯಾಗಿದ್ದೀಯ ಎಂಬಲ್ಲಿಂದ ಶುರುವಾಗುವ ಸಮಾಲೋಚನೆ ಅದು. "ನನಗೆ ಎಲ್ಲರೂ ಒಂದೇ" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಅಷ್ಟು ಸಾಲದು. ಇಬ್ಬರು ಗಂಡುಮಕ್ಕಳು ಒಂದೇ ಮನೆ ಬಾಡಿಗೆಗೆ ಹಿಡಿದರೆ ಮಾಲೀಕ ಎರಡನೇ ತಿಂಗಳಲ್ಲಿ ಯಾಕೆ ಖಾಲಿ ಮಾಡಿಸುತ್ತಾನೆ, ವಧೂವರರ ಫೋಟೋಗಳು ಮನೆಯ ವಾಟ್ಸಾಪ್ ಗುಂಪಿಗೆ ಬಂದಾಗ ಎದೆ ಯಾಕೆ ಡವಗುಟ್ಟುತ್ತದೆ, ಇದು ಎದುರು ಕೂತವರಿಗೆ ಗೊತ್ತಿರಬೇಕು. ದುಡ್ಡು ಕೊಟ್ಟು ಬಂದವರೇ ಪ್ರತಿ ಸಲ ಅವರಿಗೆ ಪಾಠ ಹೇಳುವ ಹಾಗಿರಬಾರದು.

ಕಾನೂನು ನಿಮ್ಮ ಕಡೆಗಿದೆ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಲೈಂಗಿಕ ಒಲವಿನ ಕಾರಣಕ್ಕೆ ಯಾರಿಗೂ ಚಿಕಿತ್ಸೆಯಲ್ಲಿ ಭೇದ ಮಾಡಕೂಡದು ಅನ್ನುತ್ತದೆ. ರೋಗಿಯ ಗುಟ್ಟು ಕಾಯುವುದನ್ನೂ ಹಕ್ಕು ಎಂದೇ ಬರೆದಿದೆ. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ಕೂಡಿದರೆ ಅದು ಅಪರಾಧವಲ್ಲ ಎಂದು ಅಂದಿನ ದಂಡಸಂಹಿತೆಯ 377ನೇ ಕಲಂನ ಹಲ್ಲು ಕಿತ್ತಿತು.

ನನಗೆ ಇನ್ನೂ ಹತ್ತಿರದ್ದು 2021ರ ಒಂದು ಪ್ರಕರಣ. ಮಧುರೈನ ಇಬ್ಬರು ಯುವತಿಯರು ಒಟ್ಟಿಗೆ ಬದುಕಲೆಂದು ಚೆನ್ನೈಗೆ ಬಂದರು. ಹೆತ್ತವರು ಮಕ್ಕಳು ಕಾಣೆಯಾಗಿದ್ದಾರೆ ಎಂದು ದೂರು ಕೊಟ್ಟರು. ಪೊಲೀಸರಿಂದ ಕಾಪಾಡಿ ಎಂದು ಇವರು ಮದ್ರಾಸ್ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಈ ವಿಷಯದಲ್ಲಿ ತಮ್ಮ ತಿಳಿವಳಿಕೆಯೇ ಸಾಲದು ಎಂದು ಆದೇಶದಲ್ಲಿ ದಾಖಲಿಸಿ, ಮನಶ್ಶಾಸ್ತ್ರಜ್ಞೆ ವಿದ್ಯಾ ದಿನಕರನ್ ಅವರ ಎದುರು ಕೂತು ತಿಳಿದುಕೊಂಡು, ಆಮೇಲೆ ತೀರ್ಪು ಬರೆದರು. ಜೂನ್ 7ರ ಆ ಆದೇಶ, ಲೈಂಗಿಕ ಒಲವನ್ನು ಬದಲಿಸುತ್ತೇವೆ ಎಂಬ ಕನ್ವರ್ಷನ್ ಥೆರಪಿಯನ್ನು ನಿಷೇಧಿಸಿತು. ಮಾಡಿದವರ ಪರವಾನಗಿ ಹೋಗಬೇಕು ಅಂದಿತು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅದನ್ನು ವೃತ್ತಿಪರ ದುರ್ನಡತೆ ಎಂದು ಸಾರಿತು. ಹೈಕೋರ್ಟಿನ ನ್ಯಾಯಮೂರ್ತಿ ಒಪ್ಪಿಕೊಂಡದ್ದನ್ನು ನಮ್ಮ ವೃತ್ತಿಯ ಎಷ್ಟು ಜನ ಒಪ್ಪಿಕೊಂಡಿದ್ದೇವೆ? ಆ ಪ್ರಕರಣ ಓದಿದ ರಾತ್ರಿ ನನಗೆ ಬಾಟಲಿಯ ಮುಚ್ಚಳ ನೆನಪಾಯಿತು.

ಈಗ ಹುಡುಕುವ ಮಾತು. ಮನೋವೈದ್ಯರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಇರಬೇಕು, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನದು. ಅದನ್ನು ಕೇಳಲು ಸಂಕೋಚ ಬೇಡ. ಆದರೆ ನೋಂದಣಿ ಸಂಖ್ಯೆ ಮನಸ್ಸನ್ನು ತೋರಿಸುವುದಿಲ್ಲ. ಅದಕ್ಕೆ ಫೋನಿನಲ್ಲೇ ಮಾತಾಡಬೇಕು. ನನ್ನಂಥವರನ್ನು ಮೊದಲು ನೋಡಿದ್ದೀರಾ? ಇದನ್ನು ಬದಲಿಸಬಹುದು ಅನಿಸುತ್ತದೆಯೇ? ಅಪ್ಪ ಅಮ್ಮ ಬಂದು ಕೇಳಿದರೆ ಏನು ಹೇಳುತ್ತೀರಿ? ಉತ್ತರಕ್ಕಿಂತ ಉತ್ತರದ ಮೊದಲಿನ ತಡವರಿಕೆಯನ್ನು ಗಮನಿಸಿ. ಸಿಡಿಮಿಡಿಗೊಂಡರೆ ಅಲ್ಲಿಗೇ ಬಿಡಿ. ಹೋದ ಮೇಲೂ ಅಷ್ಟೇ. ನೀವು ಕೆಲಸದ ಚಿಂತೆ ಹೇಳುತ್ತಿದ್ದರೆ ಅವರು ಮತ್ತೆ ಮತ್ತೆ ಒಲವಿನ ಮೂಲಕ್ಕೇ ಎಳೆದರೆ, ಮದುವೆಯನ್ನು ಮದ್ದಿನ ಹಾಗೆ ಹೇಳಿದರೆ, ಎರಡನೆಯ ಸಲ ಹೋಗಬೇಕಿಲ್ಲ. ಹೇಳದೆ ಬಿಟ್ಟರೂ ಅದು ಅಗೌರವವಲ್ಲ. ಲಿಂಗ ಬದಲಾವಣೆಯ ದಾರಿಯಲ್ಲಿರುವವರಿಗೆ ಇದು ಇನ್ನೂ ಕಷ್ಟ. ಹಾರ್ಮೋನಿಗೆ, ಶಸ್ತ್ರಚಿಕಿತ್ಸೆಗೆ ನಮ್ಮಂಥವರ ಪತ್ರ ಕೇಳುತ್ತಾರೆ, ಅದನ್ನು ಹಿಡಿದು ತಿಂಗಳುಗಟ್ಟಲೆ ಅಲೆಸುವವರೂ ಇದ್ದಾರೆ.

ಬೆಂಗಳೂರಿನಲ್ಲಿ, ಇಂಗ್ಲಿಷಿನಲ್ಲಿ, ಒಂದು ಸಲಕ್ಕೆ ಸಾವಿರ ಎರಡು ಸಾವಿರ ಕೊಡಬಲ್ಲವರಿಗೆ ಇದೆಲ್ಲ ತಿಳಿದ ಸಮಾಲೋಚಕರು ಸಿಗುತ್ತಾರೆ. ಮುಂಬಯಿಯ ಮರಿವಾಲಾ ಹೆಲ್ತ್ ಇನಿಶಿಯೇಟಿವ್ ಸಂಸ್ಥೆ ಇದಕ್ಕೆಂದೇ ಸಮಾಲೋಚಕರಿಗೆ ತರಬೇತಿ ಕೊಡುತ್ತದೆ. ಕನ್ನಡದಲ್ಲಿ ಬೇಕಾದವರು ಏನು ಮಾಡಬೇಕು? ನನಗೆ ನೋವಾಗುವುದು ಇಲ್ಲಿ. ಮಾನಸಿಕ ಆರೋಗ್ಯವನ್ನು ಜಿಲ್ಲೆಗೆ ಒಯ್ಯಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ. ನಿಮ್ಹಾನ್ಸ್ 1980ರ ದಶಕದಲ್ಲಿ ಅಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮೂರ್ಛೆರೋಗ, ಖಿನ್ನತೆ ಗುರುತಿಸುವುದನ್ನು ಕಲಿಸಿದ ನಾಡು ಇಂಥ ಸಮಾಲೋಚನೆಯನ್ನೂ ಕಲಿಸಬಲ್ಲದು. ಕಲಿಯಬೇಕಾದವರು ವೈದ್ಯರಷ್ಟೇ ಅಲ್ಲ. ಹತ್ತಿರದ ಸವದತ್ತಿಗೆ ಹೋಗಿ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗತಿಯರ ಕೈಯಲ್ಲಿ ಭಂಡಾರ ಹಚ್ಚಿಸಿಕೊಂಡು ಬರುವ ಜನ ನಾವು. ಅವರಲ್ಲೊಬ್ಬರಾದ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರ ಪದ್ಮಶ್ರೀ ಅವರಿಗೆ ಬಂದಾಗ ಹೆಮ್ಮೆಪಟ್ಟೆವು. ಅದೇ ಜನ ತಮ್ಮ ಓಣಿಯಲ್ಲಿ ಅವರಂಥವರಿಗೆ ಒಂದು ಕೋಣೆ ಬಾಡಿಗೆಗೆ ಕೊಡುವುದಿಲ್ಲ.

ಸದ್ಯಕ್ಕೆ ಊರಲ್ಲಿ ಯಾರೂ ಇಲ್ಲದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರಕಾರಿ ಸೇವೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಮೊದಲು ನೀವೇ ಕೇಳಿ. ಮಾತು ಹಿಡಿಸದಿದ್ದರೆ ಇಟ್ಟು ಮತ್ತೆ ಮಾಡಿ, ಬೇರೆಯವರು ಎತ್ತಬಹುದು.

ಶನಿವಾರದ ಹುಡುಗ ಬಂದಾಗ ನನ್ನ ಫಾರ್ಮ್ ತುಂಬುತ್ತಾ "ತಂದೆ / ಗಂಡನ ಹೆಸರು" ಎಂಬಲ್ಲಿ ಪೆನ್ನು ನಿಲ್ಲಿಸಿದ. ಅಪ್ಪನ ಹೆಸರು ಬರೆದರೆ ಅಪ್ಪನಿಗೆ ಫೋನ್ ಹೋಗುತ್ತದೇನೋ ಎಂಬ ಅಂಜಿಕೆ. ಆ ಸಾಲನ್ನು ಅವತ್ತೇ ಹೊಡೆದುಹಾಕಿದೆ. ಈಗ ಅಲ್ಲಿ "ತುರ್ತಿಗೆ ಯಾರಿಗೆ ಫೋನ್ ಮಾಡಬೇಕು?" ಎಂದಿದೆ.

ಇಲ್ಲಿ ತಂದೆತಾಯಿಗಳೂ ಕೂತಿದ್ದೀರಿ. ಹೋದ ತಿಂಗಳು ಇನ್ನೊಬ್ಬ ಹುಡುಗಿಯ ತಾಯಿ ಫೋನ್ ಮಾಡಿ "ನಮ್ಮ ಹುಡುಗಿಗೆ ಒಂದೀಟು ಬುದ್ಧಿ ಹೇಳ್ರಿ" ಅಂದರು. ಅವಳನ್ನು ಕರೆತರಬೇಡಿ, ನೀವೇ ಬನ್ನಿ ಅಂದೆ. ಬಂದರು. ಸೆರಗು ಹೊದ್ದು ಕುರ್ಚಿಯ ತುದಿಗೆ ಕೂತರು. ಬಾಗಿಲು ಹಾಕಿದೆಯೇ ಎಂದು ಎರಡು ಸಲ ತಿರುಗಿ ನೋಡಿ, "ಇದು ನನ್ನಿಂದ ಆತೇನ್ರಿ?" ಅಂದರು. ಇಲ್ಲ ತಾಯಿ ಅಂದೆ. ಚಹಾ ತರಿಸಿದೆ. ಅದು ಆರಿಹೋಗುವ ತನಕ ಅತ್ತರು. ಆಮೇಲೆ, ಮಗಳಿಗೆ ಮೂರು ತಿಂಗಳಿಂದ ಊಟ ಸೇರುತ್ತಿಲ್ಲ ಅಂತ ಹೇಳತೊಡಗಿದರು.